ಏನೂ ಆಗದ ದಿನಗಳನ್ನೂ ಚಿತ್ರಿಸಬೇಕು

ಕೆಲವು ತಿಂಗಳ ಹಿಂದೆ ಒಂದು ಆಸ್ಪತ್ರೆಯ ವರದಿ ನನ್ನ ಕೈಗೆ ಬಂತು. ಒಂಬತ್ತು ವಿಭಾಗಗಳಲ್ಲಿ ರೋಗಿಗಳು ವೈದ್ಯರನ್ನು ಕಾಣಲು ಎಷ್ಟು ನಿಮಿಷ ಕಾಯುತ್ತಾರೆ ಎನ್ನುವ ಎರಡು ವರ್ಷಗಳ ಲೆಕ್ಕ ಅದು. ಒಂದೇ ಚಾರ್ಟ್‌ನಲ್ಲಿ ಒಂಬತ್ತು ಬಣ್ಣದ ಒಂಬತ್ತು ಗೆರೆಗಳು. ಬಲಗಡೆ ಒಂದು ಚೌಕದಲ್ಲಿ ಯಾವ ಬಣ್ಣ ಯಾವ ವಿಭಾಗದ್ದು ಎಂದು ತಿಳಿಸುವ ಸೂಚಿ. ವರದಿ ತಂದವರನ್ನೇ ಕೇಳಿದೆ: "ಮಕ್ಕಳ ವಿಭಾಗದ ಗೆರೆ ಯಾವುದು?" ಅವರು ತೋರುಬೆರಳನ್ನು ಸೂಚಿಯ ಮೇಲಿಟ್ಟರು. ಬಣ್ಣವನ್ನು ನೆನಪಿನಲ್ಲಿ ಹಿಡಿದುಕೊಂಡು ಗೆರೆಗಳ ಗೋಜಲಿಗೆ ಬಂದರು. ಅಲ್ಲಿ ಎರಡು ಹಸಿರು ಗೆರೆಗಳನ್ನು ಕಂಡು ಮತ್ತೆ ಸೂಚಿಗೆ ಹೋದರು. ಮೂರನೆಯ ಸಲಕ್ಕೆ ಗೆರೆ ಸಿಕ್ಕಿತು. ಅಷ್ಟು ಹೊತ್ತಿಗೆ ಆ ಗೆರೆಯಲ್ಲಿ ಏನನ್ನು ನೋಡಬೇಕಿತ್ತು ಎನ್ನುವುದೇ ಅವರ ಮನಸ್ಸಿನಿಂದ ಜಾರಿಹೋಗಿತ್ತು.

ಆ ಬೆರಳಿನ ಓಡಾಟವನ್ನು ನಾನು ಪ್ರತಿ ಕೆಲಸದಲ್ಲೂ ಗಮನಿಸುತ್ತೇನೆ. ಓದುಗರಿಗೆ ಎಷ್ಟು ಕಷ್ಟ ಕೊಟ್ಟಿದ್ದೇವೆ ಎಂಬುದಕ್ಕೆ ಅಷ್ಟು ನೇರವಾದ ಸಾಕ್ಷಿ ಬೇರೆ ಸಿಗುವುದಿಲ್ಲ. ಸೂಚಿಯನ್ನು ಕಿತ್ತುಹಾಕಿ ಪ್ರತಿ ಗೆರೆಯ ತುದಿಯಲ್ಲೇ ವಿಭಾಗದ ಹೆಸರು ಬರೆದರೆ ಅರ್ಧ ಕಷ್ಟ ಕಳೆಯುತ್ತದೆ. ಎಂಟು ಗೆರೆಗಳನ್ನು ಬೂದು ಬಣ್ಣಕ್ಕೆ ಇಳಿಸಿ, ಮಾತಾಡಬೇಕಾದ ಒಂದನ್ನು ಮಾತ್ರ ಗಾಢವಾಗಿ ಬಿಟ್ಟರೆ ಇನ್ನಷ್ಟು ಹಗುರಾಗುತ್ತದೆ. ಆದರೆ ಯಾವ ಒಂದರ ಬಗ್ಗೆ ಮಾತಾಡಬೇಕು? ಅದನ್ನು ಯಾರೂ ತೀರ್ಮಾನಿಸಿರಲಿಲ್ಲ. ಬಹಳ ಹೊತ್ತು ಮಾತಾಡಿದ ಮೇಲೆ ತಿಳಿದದ್ದು ಇಷ್ಟು: ಒಂದು ವರ್ಷದ ಹಿಂದೆ ಹೊಸ ಟೋಕನ್ ವ್ಯವಸ್ಥೆ ಬಂದಿತ್ತು, ಅದರಿಂದ ಉಪಯೋಗವಾಯಿತೇ ಎಂದು ಆಡಳಿತ ಮಂಡಳಿಗೆ ತಿಳಿಯಬೇಕಿತ್ತು. ಹಾಗಿದ್ದರೆ ಹೋಲಿಸಬೇಕಾದದ್ದು ವಿಭಾಗಗಳನ್ನು ಒಂದರೊಡನೊಂದು ಅಲ್ಲವೇ ಅಲ್ಲ. ಪ್ರತಿ ವಿಭಾಗದ ಹಿಂದಿನ ವರ್ಷವನ್ನು ಅದರದೇ ಮುಂದಿನ ವರ್ಷದೊಡನೆ. ಬಣ್ಣ, ಅಕ್ಷರ, ವಿನ್ಯಾಸ ಎಲ್ಲ ಆಮೇಲಿನ ಮಾತು. ಯಾವುದನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎನ್ನುವುದು ನಿಶ್ಚಯವಾಗದೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ.

ಈ ಹಟ ನನ್ನಲ್ಲಿ ಬೇರೂರಿದ್ದು ಚಾಲೆಂಜರ್ ದುರಂತವನ್ನು ಓದಿದ ಮೇಲೆ. 1986ರ ಜನವರಿ 28ರಂದು ಅಮೆರಿಕದ ಆ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಚೂರಾಯಿತು, ಒಳಗಿದ್ದ ಏಳು ಮಂದಿ ಸತ್ತರು. ನೌಕೆಯನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ಟಿನ ಭಾಗಗಳು ಕೂಡುವ ಕಡೆ ಬಿಸಿ ಅನಿಲ ಹೊರನುಗ್ಗದಂತೆ ತಡೆಯಲು ಓ-ರಿಂಗ್ ಎಂಬ ರಬ್ಬರ್ ಬಳೆಗಳಿದ್ದವು. ಚಳಿಗೆ ರಬ್ಬರ್ ಸೆಡೆತು, ಸಂದನ್ನು ಸಕಾಲಕ್ಕೆ ಮುಚ್ಚಲಿಲ್ಲ. ಹಿಂದಿನ ರಾತ್ರಿಯೇ ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ದೂರವಾಣಿ ಸಭೆಯಲ್ಲಿ ಹೇಳಿದ್ದರು. ಅವರ ಮಾತು ಸರಿಯಾಗಿತ್ತು. ಅದನ್ನು ತೋರಿಸಿದ ಬಗೆ ಅವರ ಕೈಹಿಡಿಯಲಿಲ್ಲ. ಅವರು ಮುಂದಿಟ್ಟದ್ದು ಹಿಂದೆ ಬಳೆಗಳಿಗೆ ಹಾನಿಯಾದ ಹಾರಾಟಗಳ ವಿವರ. ಅತಿ ಹೆಚ್ಚು ಹಾನಿಯಾದದ್ದು 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ 75 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ಒಮ್ಮೆ ಹಾನಿಯಾಗಿತ್ತು. ಬೆಚ್ಚಗಿದ್ದಾಗಲೂ ಹಾನಿ, ತಣ್ಣಗಿದ್ದಾಗಲೂ ಹಾನಿ. ಹಾಗಾದರೆ ಚಳಿಯ ಮೇಲೇಕೆ ದೂರು ಎಂದು ಸಭೆಯಲ್ಲಿದ್ದ ನಾಸಾ ಅಧಿಕಾರಿಗಳಿಗೆ ಅನ್ನಿಸಿತು.

ಆಮೇಲೆ ತನಿಖೆ ನಡೆಸಿದ ರೋಜರ್ಸ್ ಆಯೋಗ ತನ್ನ ವರದಿಯಲ್ಲಿ ಎರಡು ಚಿತ್ರಗಳನ್ನು ಕೊಟ್ಟಿದೆ. ಮೊದಲನೆಯದರಲ್ಲಿ ಹಾನಿಯಾದ ಏಳು ಹಾರಾಟಗಳು ಮಾತ್ರ: ಅತ್ತಿತ್ತ ಚೆದುರಿದ ಏಳು ಚುಕ್ಕೆಗಳು, ಯಾವ ಕ್ರಮವೂ ಕಾಣುವುದಿಲ್ಲ. ಎರಡನೆಯದರಲ್ಲಿ ಹಾನಿಯಾಗದ ಹಾರಾಟಗಳನ್ನೂ ಸೊನ್ನೆಯ ಮಟ್ಟದಲ್ಲಿ ಸೇರಿಸಲಾಗಿದೆ. ಆ ಸೊನ್ನೆಗಳೆಲ್ಲ ಬಲಗಡೆ, ಬೆಚ್ಚನೆಯ ಕಡೆ, ಒತ್ತಾಗಿ ಕೂತಿವೆ. 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಒಂದೇ ಒಂದು ಸೊನ್ನೆಯೂ ಇಲ್ಲ. ಅಷ್ಟು ತಣ್ಣಗಿದ್ದಾಗ ಹಾರಿದ ಪ್ರತಿ ಸಲವೂ ಬಳೆಗೆ ಏನಾದರೊಂದು ಆಗಿದೆ. ಚಾಲೆಂಜರ್ ಹಾರುವ ದಿನ ಬಳೆಗಳು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ತಣ್ಣಗಿರುತ್ತವೆ ಎನ್ನುವ ಅಂದಾಜಿತ್ತು. ಒಂದು ಚಿತ್ರವೇ ಏಳು ಜೀವಗಳನ್ನು ಉಳಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ರಾತ್ರಿ ಬೇರೆ ಒತ್ತಡಗಳೂ ಇದ್ದವು. ಆದರೂ ಆ ಎರಡನೆಯ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇಕಾದ ಅಂಕಿಗಳೆಲ್ಲ ಅವರ ಬಳಿಯೇ ಇದ್ದವು. ಏನೂ ಆಗದ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಇನ್ನು ಕಣ್ಣಿನ ವಿಷಯ. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ಚಿತ್ರ ನೋಡಿ ಜನ ಪ್ರಮಾಣಗಳನ್ನು ಎಷ್ಟು ನಿಖರವಾಗಿ ಅಂದಾಜು ಮಾಡುತ್ತಾರೆ ಎಂದು ಪರೀಕ್ಷಿಸಿದರು. ಒಂದೇ ಅಳತೆಗೋಲಿನ ಮೇಲೆ ಚುಕ್ಕೆ ಎಲ್ಲಿದೆ ಎನ್ನುವುದನ್ನು ಕಣ್ಣು ಚೆನ್ನಾಗಿ ಹಿಡಿಯುತ್ತದೆ. ಕೋನವನ್ನು ಅಳೆಯುವಾಗ ಎಡವುತ್ತದೆ. ವೃತ್ತವನ್ನು ಹೋಳುಗಳಾಗಿ ಸೀಳಿ ಪಾಲು ತೋರಿಸುವ ಪೈ ಚಾರ್ಟ್‌ನ ತೊಂದರೆ ಇದೇ: ಅರ್ಧ, ಕಾಲು ಎಂದು ತೋರಿಸಲು ಅದು ಸಾಕು, ಶೇ 17ರ ಹೋಳು ಯಾವುದು, ಶೇ 19ರ ಹೋಳು ಯಾವುದು ಎಂದು ಕೇಳಿದರೆ ಕೈಚೆಲ್ಲುತ್ತದೆ. ವಿಸ್ತೀರ್ಣವನ್ನು ನಂಬಿದರೆ ಇನ್ನೂ ಅಪಾಯ. ಎರಡು ಪಟ್ಟು ಹೆಚ್ಚಿದ್ದನ್ನು ತೋರಿಸಲು ವೃತ್ತದ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಬರೆದವರಿಗೆ ಸುಳ್ಳು ಹೇಳುವ ಉದ್ದೇಶವಿಲ್ಲದಿದ್ದರೂ ಚಿತ್ರ ಸುಳ್ಳು ಹೇಳಿರುತ್ತದೆ. ಬಾರ್ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು ಎಂದು ನಾನು ಪಟ್ಟು ಹಿಡಿಯುವುದೂ ಇದೇ ಕಾರಣಕ್ಕೆ. 95ರಿಂದ ಶುರುಮಾಡಿದರೆ 98ರ ಕಂಬ 96ರ ಕಂಬಕ್ಕಿಂತ ಮೂರು ಪಟ್ಟು ಎತ್ತರ ನಿಲ್ಲುತ್ತದೆ. ಗೆರೆಯ ಚಾರ್ಟ್‌ಗೆ ಈ ಕಟ್ಟು ಇಲ್ಲ, ಅಲ್ಲಿ ಕಣ್ಣು ಏರಿಳಿತವನ್ನು ನೋಡುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಕೆಂಪು-ಹಸಿರು ಭೇದ ಸರಿಯಾಗಿ ತಿಳಿಯುವುದಿಲ್ಲ. ಬೇರೆಡೆ ಪ್ರಮಾಣ ಕಡಿಮೆ ಇರಬಹುದು, ಆದರೆ ಅಂಥವರು ಎಲ್ಲೆಡೆ ಇದ್ದಾರೆ. ಆದ್ದರಿಂದ ಮುಗಿದ ಚಾರ್ಟನ್ನು ಒಮ್ಮೆ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡುತ್ತೇನೆ. ಅಲ್ಲಿ ಉಳಿಯದ ವ್ಯತ್ಯಾಸವನ್ನು ಬಣ್ಣಕ್ಕೆ ಮಾತ್ರ ಒಪ್ಪಿಸಿದ್ದೇನೆ ಎಂದರ್ಥ, ಅದನ್ನು ತಿದ್ದುತ್ತೇನೆ. ಪ್ರಮಾಣ ತೋರಿಸುವಾಗ ಕಾಮನಬಿಲ್ಲಿನ ಏಳು ಬಣ್ಣಗಳನ್ನು ಬಳಸಬೇಡಿ. ಹಳದಿ ನೇರಳೆಗಿಂತ ಹೆಚ್ಚೋ ಕಡಿಮೆಯೋ ಯಾರಿಗೂ ಗೊತ್ತಿಲ್ಲ. ಒಂದೇ ಬಣ್ಣ ತಿಳಿಯಿಂದ ಗಾಢಕ್ಕೆ ಹೋದರೆ ಯಾರೂ ಸೂಚಿ ನೋಡಬೇಕಾಗಿಲ್ಲ.

ಆಸ್ಪತ್ರೆಯ ಚಾರ್ಟನ್ನು ಕೊನೆಗೆ ಒಂಬತ್ತು ಚಿಕ್ಕ ಚಿತ್ರಗಳಾಗಿ ಒಡೆದೆ. ಒಂದು ಸಾಲಿಗೆ ಮೂರು, ಎಲ್ಲಕ್ಕೂ ಒಂದೇ ಅಳತೆ, ಟೋಕನ್ ಬಂದ ತಿಂಗಳಲ್ಲಿ ಎಲ್ಲದರಲ್ಲೂ ಒಂದು ತೆಳು ಲಂಬ ಗೆರೆ. ಎರಡು ವಿಭಾಗಗಳಲ್ಲಿ ಆ ಗೆರೆ ದಾಟಿದೊಡನೆ ಕಾಯುವ ಹೊತ್ತು ಇಳಿದಿತ್ತು. ಏಳರಲ್ಲಿ ಏನೂ ಆಗಿರಲಿಲ್ಲ. ವರದಿ ಬರೆದವರಿಗೆ ಆ ಏಳನ್ನು ಬಿಟ್ಟುಬಿಡುವ ಆಸೆ. "ಹೇಳುವುದಕ್ಕೆ ಏನಿದೆ ಸರ್ ಅದರಲ್ಲಿ? ಜಾಗ ದಂಡ" ಎಂದರು. ನಾನು ಒಪ್ಪಲಿಲ್ಲ, ಒಂಬತ್ತೂ ಉಳಿದವು.

ಸಭೆಯಲ್ಲಿ ಹಾಳೆ ಕೈಗೆ ಬಂದೊಡನೆ ಮಂಡಳಿಯ ಹಿರಿಯರೊಬ್ಬರು ಅದನ್ನು ಕಣ್ಣಿನ ಹತ್ತಿರ ಹಿಡಿದರು. ಈ ಸಲ ಯಾರ ಬೆರಳೂ ಅತ್ತಿತ್ತ ಓಡಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ಈ ಎರಡು ವಿಭಾಗದವರು ಉಳಿದ ಏಳರವರು ಮಾಡದೆ ಇರುವುದನ್ನು ಏನು ಮಾಡಿದ್ದಾರೆ?"