ಹೊರಗಿನವರೂ ಕೋಡ್ ಕಳಿಸುವಂತೆ ಪ್ರಾಜೆಕ್ಟ್ ಅಣಿಗೊಳಿಸುವುದು: ಅಧ್ಯಯನ ಟಿಪ್ಪಣಿ

ರೆಪೊ (ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗ) ಪಬ್ಲಿಕ್ ಆದ ಕೂಡಲೇ ಪ್ರಾಜೆಕ್ಟ್ ಓಪನ್ ಸೋರ್ಸ್ ಆಗಿಬಿಡುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಹಕ್ಕುಸ್ವಾಮ್ಯದ ಸಾಮಾನ್ಯ ನಿಯಮವೇ ಜಾರಿಯಲ್ಲಿರುತ್ತದೆ, ಅಂದರೆ ಎಲ್ಲ ಹಕ್ಕೂ ಬರೆದವರದೇ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಷರತ್ತುಗಳ ಪ್ರಕಾರ ಪಬ್ಲಿಕ್ ರೆಪೊವನ್ನು ಯಾರು ಬೇಕಾದರೂ ನೋಡಬಹುದು, ಫೋರ್ಕ್ (ತಮ್ಮ ಖಾತೆಯಲ್ಲಿ ಅದರ ನಕಲು) ಮಾಡಬಹುದು. ಆದರೆ ಆ ಕೋಡನ್ನು ತಮ್ಮ ಕೆಲಸಕ್ಕೆ ಬಳಸಿಕೊಳ್ಳುವ ಅನುಮತಿ ಅದರಿಂದ ಸಿಗುವುದಿಲ್ಲ.

ಆದ್ದರಿಂದ ಮೊದಲ ಫೈಲ್ ಲೈಸೆನ್ಸ್. ಸಿದ್ಧ ಲೈಸೆನ್ಸ್‌ಗಳಲ್ಲಿ ಎಂಐಟಿ ಚಿಕ್ಕದು, ಷರತ್ತು ಕಡಿಮೆ. ಜಿಪಿಎಲ್‌ನಲ್ಲಿ, ಕೋಡನ್ನು ಬದಲಿಸಿ ಹಂಚುವವರು ಅದೇ ಲೈಸೆನ್ಸ್‌ನಡಿ ಸೋರ್ಸನ್ನೂ ಕೊಡಬೇಕು. 2004ರಲ್ಲಿ ಬಂದ ಅಪಾಚೆ 2.0ರಲ್ಲಿ ಪೇಟೆಂಟ್ ಅನುಮತಿ ಸ್ಪಷ್ಟವಾಗಿದೆ. ಅದರ 5ನೇ ಕಲಮು ನಮಗೆ ಇನ್ನೂ ಮುಖ್ಯ: ಬೇರೆ ಏನೂ ಹೇಳದೆ ಯಾರಾದರೂ ಕೋಡ್ ಕಳಿಸಿದರೆ ಅದೂ ಇದೇ ಲೈಸೆನ್ಸ್‌ನಡಿ ಬಂದಂತೆ. ಸ್ವಂತವಾಗಿ ಲೈಸೆನ್ಸ್ ಬರೆಯುವ ಸಾಹಸ ಮಾತ್ರ ಬೇಡ.

"ಇದು ನಾನೇ ಬರೆದದ್ದು, ಕೊಡುವ ಹಕ್ಕು ನನಗಿದೆ" ಎಂದು ಕೋಡ್ ಕಳಿಸುವವರಿಂದ ಖಾತರಿ ಬೇಕಿದ್ದರೆ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಇದೆ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ಪ್ರತಿ ಕಮಿಟ್‌ನ (ದಾಖಲಿಸಿದ ಬದಲಾವಣೆಯ) ಸಂದೇಶದ ಕೆಳಗೆ ಹೆಸರು, ಇಮೇಲ್ ಇರುವ ಸೈನ್-ಆಫ್ ಸಾಲು ಇದ್ದರೆ ಮುಗಿಯಿತು. ಸಿಎಲ್‌ಎ (ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್) ಎಂದರೆ ಪ್ರತ್ಯೇಕ ಒಪ್ಪಂದಕ್ಕೇ ಸಹಿ ಹಾಕಿಸುವುದು. ಕಾಗುಣಿತದ ತಪ್ಪೊಂದನ್ನು ತಿದ್ದಲು ಬಂದವರ ಮುಂದೆ ಕಾನೂನು ಪತ್ರ ಹಿಡಿದರೆ ಅವರು ಹಾಗೇ ಹೊರಟುಹೋಗಬಹುದು. ಸಣ್ಣ ಪ್ರಾಜೆಕ್ಟ್‌ಗೆ ಡಿಸಿಒ ಸಾಕು ಎಂದು ನನ್ನ ಅಭಿಪ್ರಾಯ.

ಮೊದಲ ಒಂದು ಗಂಟೆ

ಇಷ್ಟೆಲ್ಲ ಇದ್ದರೂ ಪ್ರಾಜೆಕ್ಟ್ ಸೋಲುವ ಜಾಗ ಬೇರೆಯೇ ಇದೆ. ಕ್ಲೋನ್ ಮಾಡಿದ (ರೆಪೊವನ್ನು ತಮ್ಮ ಕಂಪ್ಯೂಟರ್‌ಗೆ ಇಳಿಸಿಕೊಂಡ) ಹೊಸಬರಿಗೆ ಒಂದು ಗಂಟೆಯೊಳಗೆ ಟೆಸ್ಟ್‌ಗಳೆಲ್ಲ ಪಾಸಾಗಿ ಕಾಣದಿದ್ದರೆ ಉಳಿದ ಫೈಲ್‌ಗಳನ್ನು ಅವರು ತೆರೆಯುವುದೇ ಇಲ್ಲ.

ಪ್ರಾಜೆಕ್ಟ್ ಪರಿಚಯಿಸುವ ರೀಡ್‌ಮಿ ಫೈಲ್‌ನಲ್ಲಿ ಹೀಗೊಂದು ಸಾಲು ಇದೆ ಎನ್ನಿ: "ಡಿಪೆಂಡೆನ್ಸಿಗಳನ್ನು ಇನ್‌ಸ್ಟಾಲ್ ಮಾಡಿ, ಡೇಟಾಬೇಸ್ ಸೆಟಪ್ ಮಾಡಿ, ಸರ್ವರ್ ಶುರು ಮಾಡಿ." ಬರೆದವರ ಮಟ್ಟಿಗೆ ಎಲ್ಲವೂ ಅದರಲ್ಲಿದೆ. ಓದುವವರಿಗೆ ಉಳಿಯುವುದು ಪ್ರಶ್ನೆಗಳೇ. ಪೈಥಾನ್‌ನ ಯಾವ ಆವೃತ್ತಿ? ಪೋಸ್ಟ್‌ಗ್ರೆಸ್ ಬೇಕೇ, ಎಸ್‌ಕ್ಯೂಲೈಟ್ ನಡೆಯುತ್ತದೆಯೇ? ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಹೆಸರೇನು? ಎಲ್ಲ ಸರಿಹೋಯಿತು ಅಂತ ಗೊತ್ತಾಗುವುದು ಹೇಗೆ? ಕೊನೆಯ ಪ್ರಶ್ನೆಗೆ ಉತ್ತರ ಬರೆದಿಡುವವರು ತೀರಾ ಕಡಿಮೆ. ಟೆಸ್ಟ್ ಓಡಿಸುವ ಕಮಾಂಡ್ ಕೊಟ್ಟು, ಅದರ ಕೆಳಗೆ ಪರದೆಯ ಮೇಲೆ ಏನು ಬರಬೇಕೆಂದೂ ಬರೆಯಿರಿ.

ಡಿಪೆಂಡೆನ್ಸಿಗಳ (ಕೋಡ್ ಅವಲಂಬಿಸಿರುವ ಲೈಬ್ರರಿಗಳ) ಆವೃತ್ತಿಗಳನ್ನು ಲಾಕ್ ಫೈಲ್‌ನಲ್ಲಿ ಕಟ್ಟಿಹಾಕಿ, ಅದನ್ನೂ ಕಮಿಟ್ ಮಾಡಿ. ವೇರಿಯಬಲ್‌ಗಳಿಗೆ ಸುಳ್ಳು ಮೌಲ್ಯಗಳಿರುವ ಮಾದರಿ ಫೈಲ್ ಒಂದಿರಲಿ. ಸೆಟಪ್ ಪೂರ್ತಿ ಒಂದೇ ಸ್ಕ್ರಿಪ್ಟ್‌ನಲ್ಲಿ ಮುಗಿಯಲಿ, ಸಿಐಯಲ್ಲೂ (ಬದಲಾವಣೆ ಬಂದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಅದೇ ಸ್ಕ್ರಿಪ್ಟ್ ಓಡಲಿ. ಆಗ ಸೆಟಪ್ ಕೆಟ್ಟರೆ ಹೊಸಬರಿಗಿಂತ ಮೊದಲು ನಿಮಗೇ ತಿಳಿಯುತ್ತದೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಸಾಲಿನ ಕೊನೆಯ ಗುರುತು ಯಾವುದೆಂದು ಹೇಳಿಬಿಡುವುದೂ ಒಳ್ಳೆಯದು. ಇಲ್ಲದಿದ್ದರೆ ವಿಂಡೋಸ್ ಬಳಸುವವರು ಒಂದೇ ಸಾಲು ತಿದ್ದಿದ್ದರೂ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಇಡೀ ಫೈಲ್ ಬದಲಾದಂತೆ ಕಾಣುವುದುಂಟು. ಸ್ಪೇಸೋ ಟ್ಯಾಬೋ ಎಂಬ ಜಗಳ ಫಾರ್ಮ್ಯಾಟರ್‌ಗೆ ಬಿಟ್ಟದ್ದು, ಮನುಷ್ಯರಿಗಲ್ಲ.

ಫೋರ್ಕ್‌ನಿಂದ ಬರುವ ಕೋಡ್ ಮತ್ತು ಸಿಐ

ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದರೆ ಅಪರಿಚಿತರ ಕೋಡ್ ನಮ್ಮ ಸಿಐಯಲ್ಲಿ ಓಡಲಿದೆ ಎಂದರ್ಥ. ಗಿಟ್‌ಹಬ್‌ನದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಮಾಮೂಲಿ ಪುಲ್ ರಿಕ್ವೆಸ್ಟ್ ಈವೆಂಟ್ ಬಳಸಿದರೆ, ಪಬ್ಲಿಕ್ ರೆಪೊಗೆ ಫೋರ್ಕ್‌ನಿಂದ ಬಂದ ಕೋಡ್‌ಗೆ ನಮ್ಮ ಸೀಕ್ರೆಟ್‌ಗಳು (ಪಾಸ್‌ವರ್ಡ್, ಕೀ ಮುಂತಾದವು) ಸಿಗುವುದಿಲ್ಲ, ಟೋಕನ್‌ಗೂ ಓದುವ ಅಧಿಕಾರವಷ್ಟೇ. "ಡಿಪ್ಲಾಯ್ ಕೀ ಸಿಗ್ತಿಲ್ಲ" ಎಂದು ಬೇಸತ್ತವರು ಪುಲ್-ರಿಕ್ವೆಸ್ಟ್-ಟಾರ್ಗೆಟ್ ಎಂಬ ಈವೆಂಟ್‌ಗೆ ಬದಲಾಯಿಸುತ್ತಾರೆ. ಅದು ಮೂಲ ರೆಪೊದ ಅಧಿಕಾರದಲ್ಲೇ, ಸೀಕ್ರೆಟ್‌ಗಳ ಸಮೇತ ಓಡುತ್ತದೆ. ಅದರೊಳಗೆ ಫೋರ್ಕ್‌ನ ಕೋಡನ್ನು ಚೆಕ್‌ಔಟ್ ಮಾಡಿ ಓಡಿಸಿದರೆ ಕೀಲಿಕೈ ಕೈಯಾರೆ ಕೊಟ್ಟಂತೆ. ಟೆಸ್ಟ್‌ಗಳು ಸೀಕ್ರೆಟ್ ಇಲ್ಲದೆ ಓಡುವಂತಿರಲಿ, ಡಿಪ್ಲಾಯ್ ಕೆಲಸ ಮರ್ಜ್ ಆದ (ಕೋಡ್ ಮುಖ್ಯ ಬ್ರಾಂಚ್‌ಗೆ ಸೇರಿದ) ಮೇಲೆ ನಡೆಯಲಿ.

ಕೆಲಸ ಹಂಚುವುದು

ಹೊಸಬರಿಗೆ ತಕ್ಕ ಕೆಲಸ ಎನ್ನುವ "ಗುಡ್ ಫಸ್ಟ್ ಇಶ್ಯೂ" ಲೇಬಲ್ ಅಂಟಿಸಿದ ಮಾತ್ರಕ್ಕೆ ಕೆಲಸ ಸುಲಭವಾಗುವುದಿಲ್ಲ. "ದಿನಾಂಕದ ಪಾರ್ಸಿಂಗ್ ಸರಿಯಿಲ್ಲ" ಎಂದಿದ್ದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ಹೀಗಿದ್ದರೆ ಮುಟ್ಟಲು ಧೈರ್ಯ ಬರುತ್ತದೆ: "ದಿನಾಂಕದ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಬಂದರೆ ಪಾರ್ಸರ್ ಕ್ರ್ಯಾಶ್ ಆಗುತ್ತದೆ, ಎರರ್ ಸಂದೇಶ ಬರಬೇಕು. ಪಾರ್ಸರ್ ಫೈಲ್‌ನ ಮೊದಲ ಫಂಕ್ಷನ್ ನೋಡಿ. ಪಕ್ಕದ ಟೆಸ್ಟ್ ಫೈಲ್‌ನಲ್ಲಿ ಇಂಥದ್ದೇ ಟೆಸ್ಟ್ ಇದೆ, ಅದನ್ನೇ ಮಾದರಿಯಾಗಿಟ್ಟುಕೊಳ್ಳಿ." ಇಷ್ಟು ಬರೆಯುವ ಹೊತ್ತಿಗೆ ನಾನೇ ಸರಿಮಾಡಬಹುದಿತ್ತಲ್ಲ ಅನ್ನಿಸುತ್ತದೆ. ನಿಜ. ಆದರೆ ಆ ಸಮಯ ಹೋಗುವುದು ಬಗ್‌ಗಲ್ಲ, ಮುಂದಿನ ಐದು ಬಗ್‌ಗಳನ್ನು ನೋಡಿಕೊಳ್ಳಬಲ್ಲವರಿಗೆ.

ಕಾಂಟ್ರಿಬ್ಯೂಟಿಂಗ್ ಫೈಲ್ ಚಿಕ್ಕದಿರಲಿ. ಯಾವ ಬಗೆಯ ಬದಲಾವಣೆ ಬೇಡ ಎಂಬುದನ್ನು ಅದರಲ್ಲಿ ನೇರವಾಗಿ ಹೇಳಿ. ವಾರಗಟ್ಟಲೆ ಕೂತು ಬರೆದದ್ದನ್ನು "ಇದು ನಮ್ಮ ಪ್ರಾಜೆಕ್ಟ್‌ಗೆ ಬೇಕಿಲ್ಲ" ಎಂದು ವಾಪಸ್ ಕಳಿಸುವುದಕ್ಕಿಂತ ಅದು ಎಷ್ಟೋ ವಾಸಿ. ನಡವಳಿಕೆಯ ನಿಯಮಕ್ಕೆ, 2014ರಿಂದ ಇರುವ ಕಾಂಟ್ರಿಬ್ಯೂಟರ್ ಕವನೆಂಟ್ ಹಲವರು ಬಳಸುವ ಸಿದ್ಧ ಪಠ್ಯ. ದೂರನ್ನು ಯಾರಿಗೆ ಕೊಡಬೇಕೆಂಬ ಜಾಗ ಖಾಲಿ ಬಿಟ್ಟು ಅಂಟಿಸಿದರೆ ಇದ್ದೂ ಇಲ್ಲದಂತೆ.

ಮರ್ಜ್ ಅಧಿಕಾರ

ಚೆನ್ನಾಗಿ ಕೆಲಸ ಮಾಡುವವರಿಗೆ ಮರ್ಜ್ ಅಧಿಕಾರ ಯಾವಾಗ ಕೊಡಬೇಕು? 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ ಹಿಂಬಾಗಿಲಿನ (ಗುಟ್ಟಾಗಿ ಒಳನುಗ್ಗಲು ಇಟ್ಟ ದಾರಿಯ) ಪ್ರಕರಣ ಇಲ್ಲಿ ಓದಲೇಬೇಕಾದದ್ದು. ಎರಡು ವರ್ಷಕ್ಕೂ ಹೆಚ್ಚು ಕಾಲ ಸರಿಯಾದ ಪ್ಯಾಚ್‌ಗಳನ್ನೇ ಕಳಿಸಿ ವಿಶ್ವಾಸ ಗಳಿಸಿದ ಖಾತೆಯೊಂದು, ದಣಿದಿದ್ದ ಮೇಂಟೇನರ್‌ನಿಂದ (ಪ್ರಾಜೆಕ್ಟ್ ನೋಡಿಕೊಳ್ಳುವವರಿಂದ) ಸಹ-ಮೇಂಟೇನರ್ ಸ್ಥಾನ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ದುರುದ್ದೇಶದ ಕೋಡ್ ಸೇರಿಸಿತು. ಅದನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಹಂಚಲು ಕಟ್ಟಿದ ಫೈಲ್‌ಗಳ ಗಂಟಿನಲ್ಲಿ) ಮಾತ್ರ ಇತ್ತು. ಹಾಗಂತ ಯಾರಿಗೂ ಅಧಿಕಾರ ಕೊಡದಿರುವುದೂ ಪರಿಹಾರವಲ್ಲ, ಒಬ್ಬರೇ ಎಲ್ಲವನ್ನೂ ಹೊತ್ತು ದಣಿದದ್ದೇ ಆ ಪ್ರಕರಣದ ಬೇರು. ಹಂತ ಹಂತವಾಗಿ ಕೊಡಿ: ಮೊದಲು ಇಶ್ಯೂಗಳಿಗೆ ಲೇಬಲ್ ಹಾಕುವುದು, ಆಮೇಲೆ ರಿವ್ಯೂ, ಆಮೇಲೆ ಮರ್ಜ್. ಮುಖ್ಯ ಬ್ರಾಂಚ್‌ಗೆ ನಿಮ್ಮದೂ ಸೇರಿ ಯಾರ ನೇರ ಪುಶ್ ಕೂಡ ಹೋಗದಂತೆ ಮಾಡಿ. ಬಿಡುಗಡೆಯ ಫೈಲ್‌ಗಳನ್ನು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಕಟ್ಟದೆ, ಟ್ಯಾಗ್ ಹಾಕಿದ ಕಮಿಟ್‌ನಿಂದ ಸಿಐಯಲ್ಲೇ ಕಟ್ಟಿಸಿ.