ನಿಂತ ತೊಟ್ಟಿಲನ್ನು ಮತ್ತೆ ತಿರುಗಿಸುವ ಮುನ್ನ

2020ರ ಅಕ್ಟೋಬರ್ ಮೊದಲ ವಾರ. ಕೊರೊನಾ ಲಾಕ್‌ಡೌನನ್ನು ಹಂತಹಂತವಾಗಿ ಸಡಿಲಿಸುವ ಅನ್‌ಲಾಕ್ 5ರ ಆದೇಶ ಬಂದು ಎರಡು ದಿನವಾಗಿತ್ತು. ಕಂಟೈನ್‌ಮೆಂಟ್ ವಲಯದ ಹೊರಗಿರುವ ಮನರಂಜನಾ ಪಾರ್ಕುಗಳನ್ನು ಅಕ್ಟೋಬರ್ 15ರಿಂದ ತೆರೆಯಬಹುದು ಎಂದು ಕೇಂದ್ರ ಗೃಹ ಸಚಿವಾಲಯ ಹೇಳಿತ್ತು. ನಾನು ರೈಡ್‌ಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಪಾರ್ಕಿನ ವ್ಯವಸ್ಥಾಪಕರು ಫೋನ್ ಮಾಡಿದರು. "ಸ್ಯಾನಿಟೈಸರ್ ಸ್ಟ್ಯಾಂಡುಗಳು ಬಂದಿವೆ ಸರ್, ನೆಲದ ಮೇಲೆ ವೃತ್ತಗಳನ್ನೂ ಬಳಿಸಿದ್ದೇವೆ. ನಿಮ್ಮ ಕಡೆಯಿಂದ ಸ್ವಿಚ್ ಹಾಕುವುದೊಂದೇ ಬಾಕಿ" ಎಂದರು. ನನಗೆ ಆರು ವಾರ ಬೇಕು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಅವರ ತಪ್ಪೇನೂ ಇಲ್ಲ. ಓಡುವ ಯಂತ್ರ ಸವೆಯುತ್ತದೆ, ನಿಂತ ಯಂತ್ರ ಹಾಗೇ ಉಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಊರ ತೇರನ್ನು ನೋಡಿದವರಿಗೆ ಮಾತ್ರ ಹಾಗನ್ನಿಸುವುದಿಲ್ಲ. ವರ್ಷಕ್ಕೊಮ್ಮೆ ಹೊರಡುವ ತೇರನ್ನು ಎಳೆಯುವ ಮುನ್ನ ಅಚ್ಚನ್ನೂ ಗಾಲಿಯನ್ನೂ ಬಡಿದು ಸದ್ದು ಕೇಳಿ ನೋಡುವುದು ಸುಮ್ಮನೆ ಅಲ್ಲ. ನಮ್ಮ ರೈಡ್‌ಗಳು ಮಾರ್ಚ್ ಮಧ್ಯದಿಂದ ನಿಂತಿದ್ದವು. ನಡುವೆ ಇಡೀ ಮಳೆಗಾಲ ಕಳೆದಿತ್ತು.

ಬೇರಿಂಗಿನಿಂದಲೇ ಶುರು ಮಾಡೋಣ. ಜೈಂಟ್ ವೀಲ್ ತಿರುಗುತ್ತಿರುವಾಗ ಅದರ ಮುಖ್ಯ ಬೇರಿಂಗಿನೊಳಗಿನ ರೋಲರುಗಳು ಗ್ರೀಸನ್ನು ತಮ್ಮ ಸುತ್ತ ತಾವೇ ಹರಡಿಕೊಳ್ಳುತ್ತವೆ. ನಿಂತರೆ ಟನ್ನುಗಟ್ಟಲೆ ಭಾರವೆಲ್ಲ ಅವೇ ನಾಲ್ಕೈದು ರೋಲರುಗಳ ಮೇಲೆ ಕೂರುತ್ತದೆ. ಗಾಳಿ ಬೀಸಿದಾಗಲೆಲ್ಲ ಚಕ್ರ ಒಂದಿಷ್ಟೇ ಅಲುಗುತ್ತದೆ. ತಿರುಗುವಷ್ಟಲ್ಲ, ನಡುಗುವಷ್ಟು. ಆ ನಡುಕಕ್ಕೆ ಗ್ರೀಸ್ ಪಕ್ಕಕ್ಕೆ ಸರಿದು ಉಕ್ಕು ಉಕ್ಕಿಗೆ ಉಜ್ಜಿ, ಬೇರಿಂಗಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮತ್ತೆ ತಿರುಗಿಸಿದಾಗ ಕಟಕಟ ಸದ್ದು ಬಂದರೆ ಅದೃಷ್ಟ. ಸದ್ದು ಬಾರದಿದ್ದರೆ ಹುಡುಕುವ ಕೆಲಸ ನಮ್ಮದು. ಇದಕ್ಕೆ ಮದ್ದು ಬಹಳ ಸರಳ: ವಾರಕ್ಕೊಮ್ಮೆ ಚಕ್ರವನ್ನು ಖಾಲಿಯಾಗಿ ತಿರುಗಿಸಿ, ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಲ್ಲಿಸುವುದು. ಲಾಕ್‌ಡೌನಿನ ಮೊದಲ ಎರಡು ತಿಂಗಳು ಅದನ್ನು ಮಾಡಲು ಪಾರ್ಕಿನಲ್ಲಿ ಕಾವಲುಗಾರರನ್ನು ಬಿಟ್ಟರೆ ಯಾರೂ ಇರಲಿಲ್ಲ.

ರೋಲರ್ ಕೋಸ್ಟರಿನ ಗಾಲಿಗಳಿಗೆ ಪಾಲಿಯುರೆಥೇನ್ ಹೊದಿಕೆ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಭಾರ ಹೊತ್ತರೆ ಆ ಹೊದಿಕೆ ಹಳಿಗೆ ತಾಗಿದ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಹೈಡ್ರಾಲಿಕ್ ಸೀಲುಗಳು ಒಣಗಿ ಬಿರುಸಾಗುತ್ತವೆ. ಮೋಟಾರಿನ ಸುರುಳಿಗಳು ತೇವ ಕುಡಿದಿರುತ್ತವೆ. ತಂತಿಯ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಮೆಗ್ಗರ್ ಹಚ್ಚಿ ನೋಡಿದಾಗ ಮೂರು ಮೋಟಾರುಗಳ ಇನ್ಸುಲೇಶನ್ ಒಂದು ಮೆಗಾ ಓಮ್‌ಗಿಂತ ಕೆಳಗಿತ್ತು. ಒಳಗೆ 200 ವ್ಯಾಟಿನ ಬಲ್ಬು ಉರಿಸಿಟ್ಟು, ಬಾಣಂತಿಗೆ ಕಾವು ಕೊಡುವ ಹಾಗೆ ಎರಡು ದಿನ ಒಣಗಿಸಿದೆವು. ಹಾಗೆಯೇ ಸ್ವಿಚ್ ಹಾಕಿದ್ದರೆ ಮೂರೂ ಸುಟ್ಟುಹೋಗುತ್ತಿದ್ದವು.

ಇನ್ನು ಜೀವಜಂತುಗಳು. ಪ್ಯಾನಲ್ ಬೋರ್ಡಿನೊಳಗೆ ಕಣಜದ ಗೂಡು, ಕೇಬಲ್ ಕಾಲುವೆಯಲ್ಲಿ ಇಲಿ, ಇಲಿಯ ಹಿಂದೆಯೇ ಬಂದ ಕೇರೆಹಾವು. ಕೇರೆಹಾವನ್ನು ಕಂಡು ನಮ್ಮ ಎಲೆಕ್ಟ್ರಿಷಿಯನ್ ಓಡಿದ. ನನಗೆ ಭಯವಿದ್ದದ್ದು ಇಲಿಯದ್ದು. ಕೂತವರನ್ನು ಹಿಡಿದಿಡುವ ಸೀಟಿನ ಬಾರ್ ಭದ್ರವಾಗಿ ಬಿದ್ದಿದೆಯೇ ಇಲ್ಲವೇ ಎಂದು ಕಂಟ್ರೋಲಿಗೆ ತಿಳಿಸುವ ಸೆನ್ಸರ್ ತಂತಿಯನ್ನು ಅದು ಕಡಿದಿದ್ದರೆ? ಒಳ್ಳೆಯ ವಿನ್ಯಾಸದಲ್ಲಿ ತಂತಿ ತುಂಡಾದರೆ ರೈಡ್ ಹೊರಡುವುದೇ ಇಲ್ಲ. ಅರ್ಧ ಕಡಿದ ತಂತಿ ಹಾಗಲ್ಲ, ಅದು ಒಮ್ಮೆ ನಿಜ ಹೇಳುತ್ತದೆ, ಒಮ್ಮೆ ಸುಳ್ಳು. ಹಾಗಾಗಿ ಪ್ರತಿಯೊಂದು ಸೆನ್ಸರನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಬೇಕಾಯಿತು. ಆರು ವಾರದಲ್ಲಿ ಒಂದೂವರೆ ವಾರ ಇದಕ್ಕೇ ಹೋಯಿತು.

ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈನಲ್ಲಿ ಲೋಲಕದಂಥ ರೈಡೊಂದು ಮುರಿದುಬಿದ್ದು ಜೀವಗಳು ಹೋದದ್ದು ನಮ್ಮ ವೃತ್ತಿಯವರ ಕಣ್ಣಮುಂದೆ ಇನ್ನೂ ಇದೆ. ಅದಕ್ಕೂ ಕೊರೊನಾಕ್ಕೂ ಸಂಬಂಧವಿಲ್ಲ. ಆದರೆ ಅಂಥ ತೂಗುವ ರೈಡ್‌ಗಳ ಶಾಫ್ಟಿನಲ್ಲೂ ಪಿನ್ನುಗಳಲ್ಲೂ ಬಿರುಕು ಬಣ್ಣದ ಕೆಳಗೆ, ತುಕ್ಕಿನ ಕೆಳಗೆ ಅಡಗಿರುತ್ತದೆ. ಬೆಸುಗೆಗಳಿಗೆ ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕುವುದು, ಪಿನ್ನುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡುವುದು ವರ್ಷಕ್ಕೊಮ್ಮೆ ಹೇಗೂ ಇದ್ದದ್ದೇ. ಆ ವರ್ಷದ ಸರದಿ ಲಾಕ್‌ಡೌನಿನಲ್ಲಿ ತಪ್ಪಿಹೋಗಿತ್ತು. ಅದನ್ನು ಮುಗಿಸದೆ ಒಂದು ಮಗುವನ್ನೂ ಕೂರಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಹಟಮಾರಿ ಎಂಬ ಹೆಸರು ಮೊದಲೇ ಇದ್ದದ್ದು ಆಗ ಅನುಕೂಲಕ್ಕೆ ಬಂತು.

ಇಷ್ಟೂ ನಿಂತದ್ದರಿಂದ ಆದ ತೊಂದರೆ. ವೈರಸ್ಸಿಗಾಗಿ ನಾವು ಮಾಡಿಕೊಂಡ ಮುನ್ನೆಚ್ಚರಿಕೆಗಳೇ ರೈಡ್‌ಗಳ ನಡವಳಿಕೆಯನ್ನು ಬದಲಿಸಿದ್ದು ಎರಡನೆಯ ತೊಂದರೆ. ಅದನ್ನು ಬಹಳ ಜನ ಊಹಿಸಿರಲಿಲ್ಲ.

ನಮ್ಮ ಕೋಸ್ಟರಿನಲ್ಲಿ 24 ಸೀಟುಗಳು. 90 ಸೆಕೆಂಡಿಗೊಮ್ಮೆ ಬಿಟ್ಟರೆ ಗಂಟೆಗೆ 40 ಸುತ್ತು, 960 ಜನ. ಅಂತರಕ್ಕಾಗಿ ಒಂದು ಸಾಲು ಬಿಟ್ಟು ಒಂದು ಸಾಲು ಕೂರಿಸಿದರೆ ಸುತ್ತಿಗೆ 12 ಜನ. ಪ್ರತಿ ಸುತ್ತಿನ ಬಳಿಕ ಸೀಟು ಒರೆಸಲು ಇನ್ನೊಂದು ನಿಮಿಷ ಸೇರಿಸಿ: ಗಂಟೆಗೆ 24 ಸುತ್ತು, 288 ಜನ. ಗೇಟಿನಲ್ಲಿ ಶೇಕಡಾ 30ರಷ್ಟು ಜನರನ್ನು ಮಾತ್ರ ಬಿಟ್ಟರೂ ರೈಡಿನ ಮುಂದಿನ ಸಾಲು ಹಿಂದಿನಷ್ಟೇ ಹೊತ್ತು ಕಾಯಿಸುತ್ತದೆ! ಜನ ಕಡಿಮೆಯಿದ್ದರೂ ಆರಡಿ ಅಂತರದ ಆ ಸಾಲು ಹೆಚ್ಚುಕಡಿಮೆ ಹಿಂದಿನಷ್ಟೇ ಜಾಗವನ್ನೂ ಬೇಡುತ್ತದೆ. ಶಾಂಘೈ ಡಿಸ್ನಿಲ್ಯಾಂಡ್ 2020ರ ಮೇ 11ರಂದು ತೆರೆದಾಗ, ದಿನಕ್ಕೆ 80,000 ಜನ ಹಿಡಿಸುವ ಪಾರ್ಕಿಗೆ ಅಲ್ಲಿನ ಸರ್ಕಾರ 24,000ದ ಮಿತಿ ಹಾಕಿತ್ತು. ಅದೂ ಶೇಕಡಾ 30. ಜನ ಕಡಿಮೆ ಇದ್ದರೆ ಬೇಗ ಬೇಗ ಎಲ್ಲ ಆಡಬಹುದು ಎಂದುಕೊಂಡು ಬಂದವರಿಗೆ ನಮ್ಮಲ್ಲಿ ನಿರಾಸೆ ಕಾದಿತ್ತು.

ಅರ್ಧ ಖಾಲಿ ಕೋಸ್ಟರಿನದ್ದು ಇನ್ನೊಂದು ಕಥೆ. ಮೊದಲ ದಿಣ್ಣೆಯ ತುದಿಯವರೆಗೆ ಸರಪಳಿ ಎಳೆದು ಬಿಟ್ಟ ಮೇಲೆ ಅದಕ್ಕೆ ಎಂಜಿನ್ ಇಲ್ಲ, ಇಳಿದ ವೇಗದಲ್ಲಿಯೇ ಮುಂದಿನ ದಿಣ್ಣೆಗಳನ್ನು ಹತ್ತಬೇಕು. ಎದುರುಗಾಳಿಯ ತಡೆ ಅಷ್ಟೇ ಇರುತ್ತದೆ, ಅದನ್ನು ಸೀಳಿಕೊಂಡು ಹೋಗುವ ತೂಕ ಮಾತ್ರ ಕಡಿಮೆ. ಬೆಂಡಿನ ತುಂಡನ್ನೂ ಅಷ್ಟೇ ಗಾತ್ರದ ಕಲ್ಲನ್ನೂ ಎಸೆದು ನೋಡಿ, ಯಾವುದು ದೂರ ಹೋಗುತ್ತದೆಂದು ತಿಳಿಯುತ್ತದೆ. ಇದರ ಜೊತೆಗೆ ಹೊಸ ಗಾಲಿ, ಬೆಳಗಿನ ಚಳಿಗೆ ಗಟ್ಟಿಯಾದ ಗ್ರೀಸ್ ಸೇರಿದರೆ ಕೋಸ್ಟರ್ ದಿಣ್ಣೆ ಹತ್ತಲಾರದೆ ಹಿಂದಕ್ಕೆ ಜಾರಿ, ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ತೂಗಿ ತೂಗಿ ನಿಂತುಬಿಡುತ್ತದೆ. ಕೂತವರಿಗೆ ಅಪಾಯವಿಲ್ಲ. ಆದರೆ ಅವರನ್ನು ಕೆಳಗಿಳಿಸಲು ಏಣಿ ಬೇಕು, ಕ್ರೇನ್ ಬೇಕು, ಮರುದಿನದ ಪತ್ರಿಕೆಯನ್ನು ಎದುರಿಸುವ ಧೈರ್ಯವೂ ಬೇಕು. ಸಾಮಾನ್ಯವಾಗಿ ಪೂರ್ಣ ಭಾರಕ್ಕೆ ಮರಳು ಮೂಟೆ ಕಟ್ಟಿ ಪರೀಕ್ಷೆ ಮಾಡುವ ನಾವು, ಆ ಸಲ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮೂಟೆ ಕಟ್ಟಿ ಬೆಳಗಿನ ಆರು ಗಂಟೆಗೆ ಓಡಿಸಿ ನೋಡಿದೆವು. ಮೊದಲ ಮೂರು ಸುತ್ತು ಖಾಲಿ ಓಡಿ ಗಾಲಿ ಬಿಸಿಯಾಗದೆ ಜನರನ್ನು ಹತ್ತಿಸಬಾರದು ಎಂಬ ನಿಯಮ ಹುಟ್ಟಿದ್ದು ಅಲ್ಲಿ. ಜೈಂಟ್ ವೀಲಿನಲ್ಲಿ ಯಾವ ತೊಟ್ಟಿಲು ತುಂಬಿಸಬೇಕು, ಯಾವುದು ಬಿಡಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಜಾತ್ರೆಯ ತೊಟ್ಟಿಲಿನವರು ಹೇಳಬಲ್ಲರು. ಈ ಕಡೆ ಒಂದು ತುಂಬಿಸಿದರೆ ಎದುರು ಕಡೆಯದ್ದನ್ನೂ ತುಂಬಿಸಬೇಕು, ಇಲ್ಲವಾದರೆ ಮೋಟಾರು ಏದುಸಿರು ಬಿಡುತ್ತದೆ.

ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಆಗಾಗ ಮುಟ್ಟುವ ಮೇಲ್ಮೈಗಳನ್ನು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟಿನಿಂದ ಒರೆಸಲು ಹೇಳಿತ್ತು. ಬಾಗಿಲ ಹಿಡಿಕೆಗೆ ಸರಿ. ದಿನಕ್ಕೆ ನೂರು ಸಲ ಸೀಟ್ ಬೆಲ್ಟಿಗೆ ಬಳಿದರೆ? ಹೈಪೋಕ್ಲೋರೈಟ್ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ನೈಲಾನ್ ಬೆಲ್ಟಿನ ಬಲವನ್ನು ಒಳಗಿಂದೊಳಗೇ ತಿನ್ನುತ್ತದೆ. ಒಂದು ಕಾಯಿಲೆ ತಡೆಯಲು ಹೋಗಿ ಮಗುವನ್ನು ಹಿಡಿದಿಡುವ ಬೆಲ್ಟನ್ನೇ ದುರ್ಬಲ ಮಾಡುವುದು ಯಾವ ಜಾಣತನ? ಬೆಲ್ಟು, ಲಾಕುಗಳಿಗೆ ಕ್ವಾಟರ್ನರಿ ಅಮೋನಿಯಂ ಎಂಬ ಬೇರೆ ಸೋಂಕುನಾಶಕ ದ್ರಾವಣ ಬಳಸಿದೆವು. ಅದು ಕೆಲಸ ಮಾಡಲು ಕೆಲವು ನಿಮಿಷ ಒದ್ದೆಯಾಗಿಯೇ ಇರಬೇಕು, ಹಾಗಾಗಿ ಸುತ್ತುಗಳು ಇನ್ನೂ ನಿಧಾನವಾದವು. ವ್ಯವಸ್ಥಾಪಕರು ಮತ್ತೊಮ್ಮೆ ಮೌನವಾದರು.

ಮಾಸ್ಕಿನ ಬಗ್ಗೆ ಒಂದೆರಡು ಮಾತು. ಮೇಲಿಂದ ಬೀಳುವ ರೈಡಿನಲ್ಲಿ ಮಾಸ್ಕ್ ಕಣ್ಣಿನ ಮೇಲೆ ಏರುತ್ತದೆ, ಕೋಸ್ಟರಿನಲ್ಲಿ ಹಾರಿ ಹಳಿಯ ಮೇಲೆ ಬೀಳುತ್ತದೆ. ಇವೆರಡಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ನಮ್ಮ ಆಪರೇಟರ್ ರೈಡ್ ನಡೆಯುವಾಗ ನೋಡುವುದು ಯಂತ್ರವನ್ನಲ್ಲ, ಮುಖಗಳನ್ನು. ಯಾರಿಗೆ ತಲೆ ಸುತ್ತುತ್ತಿದೆ, ಯಾರು ಬಿಳಿಚಿಕೊಂಡಿದ್ದಾರೆ, ಯಾರ ಕೂಗು ಖುಷಿಯದು, ಯಾರದ್ದು ನಿಜವಾದ ಗಾಬರಿಯದು ಎಂಬುದು ಅವನಿಗೆ ಗೊತ್ತಾಗುತ್ತದೆ. ಮಾಸ್ಕ್ ಅದನ್ನೆಲ್ಲ ಮುಚ್ಚಿತು. ಜಪಾನಿನ ಪಾರ್ಕುಗಳು ಕೂಗಲೇಬೇಡಿ ಎಂದು ಕೇಳಿಕೊಂಡವು. ಫೂಜಿ-ಕ್ಯೂ ಹೈಲ್ಯಾಂಡಿನ ಇಬ್ಬರು ಹಿರಿಯ ಅಧಿಕಾರಿಗಳು ಸೂಟು, ಮಾಸ್ಕು ತೊಟ್ಟು 79 ಮೀಟರ್ ಎತ್ತರದ ಫೂಜಿಯಾಮಾ ಕೋಸ್ಟರಿನಲ್ಲಿ ತುಟಿ ಬಿಚ್ಚದೆ ಕೂತ ವಿಡಿಯೋ ಆಗ ಲೋಕವೆಲ್ಲ ಸುತ್ತಿತು. ಮನಸ್ಸಿನೊಳಗೇ ಕಿರುಚಿಕೊಳ್ಳಿ ಎಂಬುದು ಅದರ ಸಂದೇಶ. ಆ ಶಿಸ್ತಿಗೆ ತಲೆಬಾಗುತ್ತೇನೆ. ನಮ್ಮ ಕಾಲೇಜು ಹುಡುಗರಿಗೆ ಹಾಗೆ ಹೇಳಲು ಹೋಗಿ ನಗೆಪಾಟಲಾಗುವ ಆಸೆ ಮಾತ್ರ ನನಗಿರಲಿಲ್ಲ.

ನೀರಿನ ವಿಭಾಗದಲ್ಲಿ ಜನರ ಭಯವೇ ಬೇರೆ, ನಮ್ಮ ಭಯವೇ ಬೇರೆ. ಕೊಳದ ನೀರಿನಿಂದ ಕೊರೊನಾ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದರಿಂದ ಮೂರು ಭಾಗ), ಪಿಎಚ್ 7.2ರಿಂದ 7.8ರೊಳಗೆ ಇದ್ದರೆ ನೀರಿನೊಳಗೆ ಆ ವೈರಸ್ ಉಳಿಯದು. ಅಪಾಯವಿದ್ದದ್ದು ಕೊಳದ ದಂಡೆಯ ನೂಕುನುಗ್ಗಲಿನಲ್ಲಿ, ಬಟ್ಟೆ ಬದಲಿಸುವ ಕೋಣೆಗಳಲ್ಲಿ. ನನ್ನ ಚಿಂತೆ ಏಳು ತಿಂಗಳಿಂದ ಪೈಪುಗಳಲ್ಲಿ ನಿಂತ ನೀರಿನದ್ದು. ಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ, ನಮ್ಮ ಹವೆಯೂ ಅದೇ. ಕಾರಂಜಿಯ, ಶವರಿನ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ಆ ದಿನಗಳಲ್ಲಿ ಯಾರಿಗಾದರೂ ನ್ಯುಮೋನಿಯಾ ಬಂದರೆ ಕೊರೊನಾ ಎಂದೇ ತಿಳಿಯುತ್ತಿದ್ದರು! ಎಲ್ಲ ಪೈಪುಗಳನ್ನೂ ಖಾಲಿ ಮಾಡಿ, ಹೆಚ್ಚು ಕ್ಲೋರಿನ್ ತುಂಬಿ ಬಿಟ್ಟು, ಮತ್ತೆ ತೊಳೆದೆವು. ಫಿಲ್ಟರಿನ ಮರಳು ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಅದನ್ನು ಪೂರ್ತಿ ಬದಲಿಸಿದೆವು. ಮಳೆನೀರು ನಿಂತ ಕೊಳಗಳಲ್ಲಿ ಸೊಳ್ಳೆಯ ಮರಿಗಳು ಬುಳಬುಳ ಎನ್ನುತ್ತಿದ್ದವು. ಕೊರೊನಾಕ್ಕೆ ಹೆದರಿ ಮುಚ್ಚಿದ ಜಾಗದಲ್ಲಿ ಡೆಂಗಿಯನ್ನು ಸಾಕಿದ್ದೆವು.

ಮನುಷ್ಯರೂ ನಿಂತಿದ್ದರು. ಊರಿಗೆ ಹೋದ ಆಪರೇಟರುಗಳಲ್ಲಿ ಅರ್ಧದಷ್ಟು ಮಂದಿ ಮರಳಲಿಲ್ಲ. ಮರಳಿದವರಲ್ಲಿ ಒಂಬತ್ತು ವರ್ಷ ಅನುಭವವಿದ್ದ ಹುಡುಗನೊಬ್ಬ ತಾಲೀಮಿನ ಮೊದಲ ದಿನ ಬಾರ್ ಒತ್ತಿದ, ಎಳೆದು ನೋಡುವುದನ್ನು ಮರೆತ. ಮರೆತದ್ದು ಅವನಿಗೇ ಗೊತ್ತಿರಲಿಲ್ಲ. ಕೈಗೆ ಅಭ್ಯಾಸವಾಗಿದ್ದ ಕೆಲಸ ಕೈಯಿಂದಲೇ ಬಿಟ್ಟುಹೋಗಿತ್ತು. ಎಲ್ಲರನ್ನೂ ಹೊಸಬರೆಂದೇ ತಿಳಿದು ಎರಡು ವಾರ ಕಲಿಸಿದೆವು. ಮರಳು ಮೂಟೆಗಳನ್ನೇ ಪ್ರವಾಸಿಗರೆಂದು ಭಾವಿಸಿ ಹತ್ತಿಸಿ, ಇಳಿಸಿ, ಮೇಲೆ ಸಿಕ್ಕಿಕೊಂಡವರನ್ನು ಏಣಿಯಲ್ಲಿ ತರುವ ತಾಲೀಮನ್ನೂ ಮಾಡಿಸಿದೆವು.

ನವೆಂಬರ್ ಕೊನೆಯಲ್ಲಿ ಬಾಗಿಲು ತೆರೆಯಿತು. ಐದು ತಿಂಗಳು ಕಳೆಯುವುದರೊಳಗೆ ಎರಡನೆಯ ಅಲೆ ಬಂದು, 2021ರ ಏಪ್ರಿಲ್ ಕೊನೆಯಲ್ಲಿ ಬೇಸಿಗೆ ರಜೆಯ ನಟ್ಟನಡುವೆ ಮತ್ತೆ ಮುಚ್ಚಿತು. ಈ ಸಲ ಬೀಗ ಹಾಕುವ ಮುನ್ನ ಕೋಸ್ಟರನ್ನು ಜಾಕಿಯ ಮೇಲೆ ಎತ್ತಿ ಗಾಲಿಗಳನ್ನು ಹಳಿಯಿಂದ ಬಿಡಿಸಿದೆವು, ಪೈಪುಗಳನ್ನು ಖಾಲಿ ಮಾಡಿದೆವು, ಪ್ಯಾನಲ್ಲಿನ ಪ್ರತಿ ಕಿಂಡಿಗೂ ಜಾಲರಿ ಹೊಡೆದೆವು. ವಾರಕ್ಕೊಮ್ಮೆ ಚಕ್ರ ತಿರುಗಿಸಲು ನಾಲ್ವರಿಗೆ ಪಾಸು ಬೇಕೆಂದಾಗ ವ್ಯವಸ್ಥಾಪಕರು ಏಕೆಂದು ಕೇಳದೆ ಸಹಿ ಹಾಕಿದರು. ಜುಲೈ ಕೊನೆಯಲ್ಲಿ ರಾಜ್ಯ ಸರ್ಕಾರ ಪಾರ್ಕುಗಳಿಗೆ ಅನುಮತಿ ಕೊಟ್ಟಾಗ ನಮಗೆ ಹನ್ನೆರಡು ದಿನ ಸಾಕಾಯಿತು. ನೀರಿನಾಟಕ್ಕೆ ಮಾತ್ರ ಇನ್ನೂ ಅನುಮತಿ ಇರಲಿಲ್ಲ. ಆ ಪಂಪುಗಳನ್ನು ದಿನ ಬಿಟ್ಟು ದಿನ ಹತ್ತು ನಿಮಿಷ, ಯಾರೂ ಇಲ್ಲದ ಕೊಳಗಳಿಗೆ ಓಡಿಸುತ್ತಿದ್ದೆವು.