ಸುಳ್ಳೆಂದು ಗೊತ್ತಿದ್ದರೂ ಮನಸ್ಸು ಯಾಕೆ ಕೇಳುವುದಿಲ್ಲ?

ಪ್ರಶ್ನೆ: ಸಣ್ಣ ವಿಷಯಕ್ಕೂ ತಲೆ ಕೆಡಿಸಿಕೊಳ್ಳುವ ಸ್ವಭಾವ ನನ್ನದು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಮನೋಚಿಕಿತ್ಸೆ) ಬಗ್ಗೆ ಓದಿದ ಮೇಲೆ, ಕೆಟ್ಟ ಯೋಚನೆ ಬಂದಾಗಲೆಲ್ಲ ‘ಎಲ್ಲ ಒಳ್ಳೆಯದೇ ಆಗುತ್ತದೆ’ ಎಂದು ಹೇಳಿಕೊಂಡು ನೋಡಿದೆ. ತಲೆ ಒಪ್ಪುತ್ತದೆ, ಎದೆ ಒಪ್ಪುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಇದನ್ನು ನಾವೇ ಮಾಡಿಕೊಳ್ಳಬಹುದಾ?

ಉತ್ತರ: ನೀವು ಮಾಡುತ್ತಿರುವುದು ಮನಸ್ಸಿಗೆ ಸಮಾಧಾನ ಹೇಳುವ ಕೆಲಸ. ತಪ್ಪೇನಲ್ಲ, ಆದರೆ ಅದು ಸಿಬಿಟಿ ಅಲ್ಲ. ‘ಎಲ್ಲ ಒಳ್ಳೆಯದೇ ಆಗುತ್ತದೆ’ ಎನ್ನಲು ನಿಮ್ಮ ಹತ್ತಿರ ಏನು ಆಧಾರ ಇದೆ? ‘ಎಲ್ಲ ಕೆಟ್ಟು ಹೋಯಿತು’ ಎನ್ನಲು ಇದ್ದಷ್ಟೇ. ಬುಡವಿಲ್ಲದ ಒಂದು ಮಾತಿನ ಮೇಲೆ ಬುಡವಿಲ್ಲದ ಇನ್ನೊಂದು ಮಾತು ಹೇರಿದರೆ ಎದೆ ಯಾಕೆ ನಂಬಬೇಕು?

ಇನ್ನು ಕೆಲವರು ಯೋಚನೆಯನ್ನೇ ಅದುಮಿಡಲು ನೋಡುತ್ತಾರೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಒಂದಷ್ಟು ಜನರಿಗೆ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಕರಡಿಯನ್ನು ನೆನೆಯಿರಿ ಎಂದಾಗ, ಮೊದಲಿನಿಂದಲೇ ನೆನೆಯಲು ಹೇಳಿಸಿಕೊಂಡವರಿಗಿಂತ, ಮೊದಲು ತಡೆದವರಿಗೇ ಅದು ಹೆಚ್ಚು ಸಲ ನೆನಪಾಯಿತು.

ಸಿಬಿಟಿ ಹಿಡಿದ ದಾರಿ ಬೇರೆ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳಲ್ಲಿ ಒಂದು ವಿಷಯ ಗಮನಿಸಿದರು. ಅವರ ಮನಸ್ಸಿನಲ್ಲಿ ತಮ್ಮ ಬಗ್ಗೆಯೇ ಚುಟುಕು ವಾಕ್ಯಗಳು ತಾವಾಗಿಯೇ ಸುಳಿದು ಹೋಗುತ್ತಿದ್ದವು. ಬಂದದ್ದು ಅವರಿಗೇ ತಿಳಿಯುತ್ತಿರಲಿಲ್ಲ, ಬಿಟ್ಟುಹೋದ ಸಂಕಟ ಮಾತ್ರ ತಿಳಿಯುತ್ತಿತ್ತು. ಬೆಕ್ ಆ ವಾಕ್ಯಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸಲಿಲ್ಲ. ನಿಜವೋ ಅಲ್ಲವೋ ಪರೀಕ್ಷಿಸೋಣ ಎಂದರು.

ಪರೀಕ್ಷೆ ಹೇಗೆ? ಶುಕ್ರವಾರ ಸಂಜೆ ಮೇಲಧಿಕಾರಿಯಿಂದ ಒಂದು ಮೆಸೇಜ್ ಬಂತು ಅನ್ನಿ: ‘ಸೋಮವಾರ ಸ್ವಲ್ಪ ಮಾತಾಡೋದಿದೆ.’ ಅಷ್ಟೇ. ಎದೆ ಧಸಕ್ಕೆಂದಿತು. ಒಂದು ಹಾಳೆ ತೆಗೆದುಕೊಂಡು ಮೊದಲು ನಡೆದದ್ದನ್ನು ಬರೆಯಿರಿ: ಮೆಸೇಜ್ ಬಂತು. ಪಕ್ಕದಲ್ಲಿ ಭಾವನೆ, ಅದಕ್ಕೆ ನೂರಕ್ಕೆ ಎಷ್ಟು ಅಂಕ: ಭಯ, 80. ಅದರ ಪಕ್ಕ ಯೋಚನೆ. ಎಡವುವುದು ಇಲ್ಲೇ. ‘ನಾನು ಕೆಲಸಕ್ಕೆ ಬಾರದವನು ಅನ್ನಿಸಿತು’ ಎಂದು ಭಾವನೆಯ ಜಾಗದಲ್ಲಿ ಬರೆಯುತ್ತೇವೆ. ಅದು ಯೋಚನೆ. ಭಯ, ಸಿಟ್ಟು, ನಾಚಿಕೆ, ಬೇಸರ ಹೀಗೆ ಒಂದೇ ಪದದಲ್ಲಿ ಮುಗಿದರೆ ಭಾವನೆ. ವಾಕ್ಯವೇ ಬೇಕಾದರೆ ಯೋಚನೆ. ‘ಏನೋ ಆಗುತ್ತೆ’ ಎಂದು ಬರೆದು ಬಿಟ್ಟರೂ ಸಾಲದು. ಏನಾಗುತ್ತೆ? ಬೈತಾರೆ. ಬೈದರೆ? ಕೆಲಸದಿಂದ ತೆಗೀತಾರೆ. ಹಾಂ, ಈಗ ಹಿಡಿಯಲು ಏನೋ ಸಿಕ್ಕಿತು.

ಇದಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಬರೆಯಿರಿ. ಕ್ಯಾಮೆರಾ ಕಣ್ಣಿಗೆ ಬೀಳುವಂಥದ್ದು ಮಾತ್ರ. ‘ಅವರ ಮುಖ ಸರಿಯಿರಲಿಲ್ಲ’ ಲೆಕ್ಕಕ್ಕಿಲ್ಲ. ‘ವರದಿ ಎರಡು ದಿನ ತಡವಾಗಿತ್ತು’ ಲೆಕ್ಕಕ್ಕಿದೆ. ಎದುರಿಗೆ: ಹಿಂದೆ ಮೂರು ಸಲ ಹೀಗೇ ಕರೆದಿದ್ದರು, ಒಮ್ಮೆ ರಜೆ ಹೊಂದಿಸಲು, ಎರಡು ಸಲ ಹೊಸ ಕೆಲಸ ಒಪ್ಪಿಸಲು. ಕೊನೆಗೆ ಉಳಿಯುವ ವಾಕ್ಯ ಸಿಹಿಯಾಗಿರಬೇಕಿಲ್ಲ: ‘ತಡವಾಗಿದ್ದರ ಬಗ್ಗೆ ಕೇಳಬಹುದು. ಮುಜುಗರವಾಗುತ್ತದೆ. ಕೆಲಸ ಹೋಗುತ್ತದೆ ಎನ್ನಲು ಸದ್ಯ ಏನೂ ಇಲ್ಲ.’ ಮತ್ತೆ ಅಂಕ ಕೊಡಿ. 80 ಇದ್ದದ್ದು 55ಕ್ಕೆ ಬಂದರೂ ಆಯಿತು. ಸೊನ್ನೆಗೆ ಇಳಿಯಲಿ ಎಂದು ಕಾದವರು ಎರಡನೇ ದಿನವೇ ಹಾಳೆ ಮಡಚಿಡುತ್ತಾರೆ.

ಆದರೂ ಎದೆ ಕೇಳುವುದಿಲ್ಲ ಎನ್ನುತ್ತೀರಿ. ಹಗ್ಗ ಕಂಡು ಹಾವೆಂದು ಹೆದರಿದವನ ಮಾತು ನಮ್ಮಲ್ಲಿ ಹಳೆಯದು. ದೂರದಲ್ಲಿ ನಿಂತು ‘ಹಗ್ಗ, ಹಗ್ಗ’ ಎಂದು ಜಪಿಸಿದರೆ ಕಾಲು ಮುಂದೆ ಬರುವುದಿಲ್ಲ, ದೀಪ ಹಿಡಿದು ಹತ್ತಿರವೇ ಹೋಗಬೇಕು. ಬರೆಯುವುದರಿಂದ ಅನುಮಾನ ಹುಟ್ಟುತ್ತದೆ, ಎದೆ ನಂಬುವುದು ಮಾಡಿ ನೋಡಿದಾಗ. ಹೆಸರಿನಲ್ಲೇ ಇರುವ ‘ವರ್ತನೆ’ಯನ್ನು ಮನೆಯಲ್ಲಿ ಮಾಡುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ನೀವು ತಪ್ಪಿದ್ದೂ ಅಲ್ಲೇ.

ಹಾಗಾದರೆ ಮೆಸೇಜಿಗೆ ಉತ್ತರ ಬರೆಯಿರಿ: ‘ಯಾವ ವಿಷಯ ಸರ್? ತಯಾರಾಗಿ ಬರುತ್ತೇನೆ.’ ಕಳಿಸುವ ಮುಂಚೆ ಹಾಳೆಯಲ್ಲಿ ನಿಮ್ಮ ಊಹೆ ಇರಲಿ: ‘ಸಿಟ್ಟಾಗುತ್ತಾರೆ, 70 ಪಾಲು ಖಚಿತ.’ ಬಂದ ಉತ್ತರವನ್ನು ಅದರ ಪಕ್ಕದಲ್ಲೇ ಇಡಿ. ಊಹೆಯನ್ನು ಮೊದಲೇ ಬರೆಯದಿದ್ದರೆ ಮನಸ್ಸು ‘ನನಗೆ ಮೊದಲೇ ಗೊತ್ತಿತ್ತು’ ಎಂದು ಜಾರಿಕೊಳ್ಳುತ್ತದೆ. ಹಾಗೆಯೇ ಮೂವರು ಸ್ನೇಹಿತರಿಗೆ ಮೆಸೇಜ್ ತೋರಿಸಿ ‘ಏನೂ ಆಗಲ್ಲ ಅಲ್ವಾ?’ ಎಂದು ಕೇಳುವುದನ್ನು ಈ ಒಂದು ಸಲ ಬಿಡಿ. ಕೇಳಿದರೆ ಮನಸ್ಸು ಆ ಸಮಾಧಾನವನ್ನು ಸ್ನೇಹಿತರ ಖಾತೆಗೆ ಬರೆದು, ಮುಂದಿನ ಸಲ ಮತ್ತೆ ಅವರ ಬಾಗಿಲಿಗೇ ಕಳಿಸುತ್ತದೆ.

ಹೆದರಿಕೆಗಿಂತ ಮಂಕು ಕವಿದ ದಿನಗಳಲ್ಲಿ ನಾನು ಹಾಳೆ ಮುಟ್ಟುವುದಿಲ್ಲ. ಮನಸ್ಸು ಬಂದಾಗ ಎದ್ದರಾಯಿತು ಎಂದು ಕೂತರೆ ಅದು ಬರುವುದೇ ಇಲ್ಲ, ಎದ್ದ ಮೇಲೆ ಬರುತ್ತದೆ. ಹತ್ತು ನಿಮಿಷದ ನಡಿಗೆಯನ್ನು ಗಂಟೆ ಗೊತ್ತುಮಾಡಿ ಬರೆದಿಡುವುದು, ಅಷ್ಟೇ. 1996ರಲ್ಲಿ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಖಿನ್ನತೆಗೆ ಕೊಡುವ ಈ ಚಿಕಿತ್ಸೆಯನ್ನು ಬಿಡಿಬಿಡಿಯಾಗಿಸಿ ನೋಡಿದಾಗ, ಚಟುವಟಿಕೆಗೆ ಮರಳಿಸುವ ಭಾಗವೊಂದೇ ಪೂರ್ಣ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು.

ಎಲ್ಲವೂ ಹಗ್ಗವಲ್ಲ ಎಂಬುದನ್ನೂ ಹೇಳಬೇಕು. ಮನೆಯಲ್ಲಿ ನಿಜಕ್ಕೂ ಹೊಡೆತ ಬೀಳುತ್ತಿದ್ದರೆ, ಸಾಲಗಾರ ನಿಜಕ್ಕೂ ಬಾಗಿಲಲ್ಲಿದ್ದರೆ, ತಿದ್ದಬೇಕಾದ್ದು ಯೋಚನೆಯಲ್ಲ. ಎರಡು ವಾರಕ್ಕೂ ಮಿಕ್ಕಿ ಮಂಕು ಬಿಡದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ತರಬೇತಾದವರ ಹತ್ತಿರ ಹೋಗಿ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 20 ಭೇಟಿ ಬೇಕಾಗುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಹಾಳೆ ಹಿಡಿದು ಕೂರಬೇಡಿ, ಇವತ್ತೇ ಒಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ.

ಅಷ್ಟಿಲ್ಲದಿದ್ದರೆ ಧಾರಾಳವಾಗಿ ನೀವೇ ಮಾಡಬಹುದು. ದಿನಕ್ಕೊಂದು ಘಟನೆ ಸಾಕು. ಎರಡು ವಾರ ಆದ ಮೇಲೆ ಹಿಂದಿನ ಪುಟಗಳನ್ನು ತಿರುವಿ ಹಾಕಿ. ನಾನು ಮೊದಲ ಸಲ ಹಾಗೆ ಮಾಡಿದಾಗ ಬೇರೆ ಬೇರೆ ತಾರೀಖಿನ ಕೆಳಗೆ ಒಂದೇ ವಾಕ್ಯ ಒಂಬತ್ತು ಸಲ ಕಂಡಿತು: ‘ನನ್ನಿಂದ ಅವರಿಗೆ ಬೇಸರವಾಗಿದೆ.’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಕದಿಯದೆಯೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಬ್ಬೊಬ್ಬರನ್ನೇ ಕೇಳಿದೆ. ಎಂಟು ಜನಕ್ಕೆ ಆ ದಿನದ್ದು ನೆನಪೇ ಇರಲಿಲ್ಲ. ಒಬ್ಬರಿಗೆ ನಿಜವಾಗಿಯೂ ಬೇಸರವಾಗಿತ್ತು, ಅವರ ಹತ್ತಿರ ಕ್ಷಮೆ ಕೇಳಿದೆ.